ಎದುರಿಗೆ ಬರುವ ವಿಮಾನ

ಒಗೆದ ಬಟ್ಟೆ ಹರವಲು ಮಹಡಿಗೆ ಹೋದಾಗ ನಾನು ಮೊದಲು ತುಳಸಿ ಕುಂಡದಿಂದ ಒಂದು ಚಿಟಿಕೆ ಒಣಮಣ್ಣು ತೆಗೆದುಕೊಳ್ಳುತ್ತೇನೆ. ಕೈಯನ್ನು ಮುಖದ ಮಟ್ಟಕ್ಕೆ ಎತ್ತಿ, ಬೆರಳು ಸಡಿಲಿಸಿ, ಮಣ್ಣು ಯಾವ ಕಡೆಗೆ ಓಲುತ್ತದೆ ಎಂದು ನೋಡುತ್ತೇನೆ. ಬಟ್ಟೆ ಆಮೇಲೆ. ನಮ್ಮ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಇದು ಯಾವುದೋ ವ್ರತವಿರಬೇಕು ಅಂದುಕೊಂಡಿದ್ದಳು. ಒಂದು ದಿನ ತಾನೂ ಭಕ್ತಿಯಿಂದ ಮಣ್ಣು ಬಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೆಳಗಿಳಿದು ಬಂದಳು.

“ಅಯ್ಯೋ, ವ್ರತ ಅಲ್ಲ ಕಣೇ. ಗಾಳಿ ಯಾವ ಕಡೆ ಅಂತ ನೋಡೋದು” ಅಂದೆ.

“ಬಟ್ಟೆಗೆ ಗಾಳಿ ಯಾವ ಕಡೆ ಆದ್ರೇನತ್ತೆ?” ಅಂದಳು.

ಅವಳು ಹೇಳಿದ್ದು ಸರಿ. ಬಟ್ಟೆಗೆ ಯಾವ ಕಡೆಯಾದರೂ ಆಗುತ್ತದೆ. ವಿಮಾನಕ್ಕೆ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ವಿಮಾನವಿತ್ತು. ಹೀಗೆ ಹೇಳಿದಾಗಲೆಲ್ಲ ಕೇಳಿದವರು ನನ್ನ ಓಲೆಯ ಕಡೆ ಒಮ್ಮೆ, ಸೀರೆಯ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ನೀವು ಹಾಗೆ ನೋಡಬೇಡಿ. ಅದರ ರೆಕ್ಕೆ ನಾನು ಎರಡೂ ಕೈ ಚಾಚಿದರೆ ಆಗುವಷ್ಟು ಅಗಲ. ತೂಕ ಒಂದು ಹಸುಗೂಸಿನಷ್ಟೂ ಇಲ್ಲ. ಹೊಟ್ಟೆಯೊಳಗಿನ ಬ್ಯಾಟರಿಯಿಂದ ಮೂತಿಯ ಫ್ಯಾನು ತಿರುಗಿ ಅದು ಮೇಲೇರುತ್ತಿತ್ತು. ನೆಲದ ಮೇಲೆ ನಿಂತವರು ಉದ್ದನೆಯ ಏರಿಯಲ್ ಇರುವ ಒಂದು ಡಬ್ಬಿ ಹಿಡಿದು, ಅದರ ಮೇಲಿನ ಕಡ್ಡಿಗಳನ್ನು ಆಡಿಸಿದರೆ, ನಡುವೆ ತಂತಿ ದಾರ ಏನೂ ಇಲ್ಲದೆ, ಆಕಾಶದಲ್ಲಿ ವಿಮಾನ ಹೇಳಿದ ಹಾಗೆ ತಿರುಗುತ್ತಿತ್ತು. ಟೀವಿ ನೋಡಲು ಪಕ್ಕದ ಬೀದಿಗೆ ಹೋಗುತ್ತಿದ್ದ ಎಂಬತ್ತರ ದಶಕದ ಮುಳಬಾಗಿಲಿನಲ್ಲಿ ಇಂಥದ್ದೊಂದು ನಮ್ಮ ಅಟ್ಟದ ಮೇಲೆ, ಈರುಳ್ಳಿ ಬುಟ್ಟಿಯ ಪಕ್ಕದಲ್ಲಿತ್ತು.

ನಾನು ಆಂಧ್ರದ ಗಡಿಯಲ್ಲಿರುವ ರಾಯಲ್ಪಾಡಿನ ಹುಡುಗಿ. ಚಿಕ್ಕಂದಿನಲ್ಲಿ ನಮಗೆ ವಿಮಾನವೆಂದರೆ ಬರೀ ಸದ್ದು. ಸದ್ದು ಕೇಳಿದ ಕೂಡಲೇ ಮಾವಿನ ತೋಪಿನಿಂದ ಬಯಲಿಗೆ ಓಡಿ ಬಂದು ಹತ್ತೂ ಬೆರಳು ಮೇಲೆತ್ತಿ ಉಗುರು ತೋರಿಸುತ್ತಿದ್ದೆವು. ಬೇರೆ ಊರಿನ ಮಕ್ಕಳು ಕೊಕ್ಕರೆಗೆ ಉಗುರು ತೋರಿಸಿ ಬಿಳಿ ಚುಕ್ಕಿ ಬೇಡುತ್ತಿದ್ದರಂತೆ. ನಾವು ನೇರವಾಗಿ ವಿಮಾನವನ್ನೇ ಕೇಳುತ್ತಿದ್ದೆವು. ದೊಡ್ಡದು ದೊಡ್ಡ ಚುಕ್ಕಿ ಕೊಡುತ್ತದೆ ಎಂಬುದು ನನ್ನ ಲೆಕ್ಕ. ಅದು ಯಾವತ್ತೂ ನಿಜವಾಗಲಿಲ್ಲ, ಆದರೂ ಉಗುರು ಕತ್ತರಿಸುವ ಮುನ್ನ ನೋಡಿಕೊಳ್ಳುವುದನ್ನು ಬಿಡಲಿಲ್ಲ. ಇಂಥವಳನ್ನು ಒಂದು ದಿನ ವಿಮಾನ ಕೈಯಲ್ಲಿ ಹಿಡಿದು ಓಡುವವಳನ್ನಾಗಿ ಮಾಡಿದವರು ನಮ್ಮವರು.

ನಮ್ಮವರ ಹೆಸರು ನಾರಾಯಣಸ್ವಾಮಿ. ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ತಾಯಲೂರಿನ ಹತ್ತಿರ ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆತನದಿಂದ ಓದಿ ಬಂದವರು. ಹೊಲಗಳ ಗಡಿಯನ್ನು ಅವರು ಎಳೆಯುವ ಗೆರೆ ಕೂದಲೆಳೆಯಷ್ಟು ಸಣ್ಣಗಿರುತ್ತಿತ್ತು. ಅವರ ಓದಿನ ಕಾಲದ ಗೆಳೆಯ ಪ್ರಭಾಕರ ಎನ್ನುವವರು ಬೆಂಗಳೂರಿನಲ್ಲಿದ್ದರು; ಭಾನುವಾರ ಬಂತೆಂದರೆ ಇಂಥ ವಿಮಾನ ಹಾರಿಸುವುದೇ ಅವರ ಹುಚ್ಚು. ಅವರು ಎಣ್ಣೆ ಎಂಜಿನ್ನಿನ ದೊಡ್ಡ ವಿಮಾನಗಳ ಕಡೆಗೆ ಹೋದಾಗ ಹಳೆಯ ಮೋಟಾರು, ಬ್ಯಾಟರಿ, ರೇಡಿಯೋ ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ನಮ್ಮವರಿಗೆ ಕೊಟ್ಟರು. “ವಿಮಾನ ನೀನೇ ಕಟ್ಕೋ, ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿದೆ” ಅಂದರಂತೆ.

ಒಂದು ಮಳೆಗಾಲವೆಲ್ಲ ಕಟ್ಟಿದರು. ಬಾಲ್ಸಾ ಎನ್ನುವ ಮರದ ತೆಳು ಹಲಗೆಗಳನ್ನು ಬೆಂಗಳೂರಿನಿಂದ ತಂದಿದ್ದರು. ಉಫ್ ಅಂದರೆ ಜರುಗುವಷ್ಟು ಹಗುರ. ಬ್ಲೇಡಿನಿಂದ ಕೊಯ್ದು, ಮೀನಿನ ಮುಳ್ಳಿನಂತೆ ಸಾಲಾಗಿ ಜೋಡಿಸಿ, ಮೇಲೆ ತೆಳು ಕಾಗದ ಹೊದಿಸಿ, ಕಾಗದ ಬಿಗಿಯಾಗಲೆಂದು ಒಂದು ಬಗೆಯ ವಾರ್ನಿಷ್ ಬಳಿದರು. ಅದರ ವಾಸನೆ ಥೇಟು ಕಳಿತ ಬಾಳೆಹಣ್ಣಿನದು. ನಮ್ಮತ್ತೆ ಎರಡು ದಿನ ಮನೆಯೆಲ್ಲ ಬಾಳೆಹಣ್ಣು ಹುಡುಕಿದರು. ಆಮೇಲೆ ಕಾರಣ ತಿಳಿದು ನಡುಮನೆಯಲ್ಲಿ ಕೂತು ಹೇಳಿದರು:

“ಗಂಡು ಮಗ ಹುಟ್ಟವ್ನೆ, ಅಪ್ಪ ಆಟದ ಸಾಮಾನು ಮಾಡ್ತಾವ್ನೆ ಅಂದ್ಕೊಂಡಿದ್ದೆ. ನೋಡಿದ್ರೆ ತನಗೇ ಮಾಡ್ಕೊಂತಾವ್ನೆ!”

ಹಾರಿಸುವ ಜಾಗ ದೇವರಾಯಸಮುದ್ರದ ಕೆರೆಯಂಗಳ. ಬೇಸಗೆಯಲ್ಲಿ ನೀರು ಒಂದು ಮೂಲೆಗೆ ಸರಿದಾಗ ಉಳಿದದ್ದೆಲ್ಲ ಬಿರುಕುಬಿಟ್ಟ ಬಯಲು. ವಿಮಾನವನ್ನು ಬಿಚ್ಚಿ, ರೆಕ್ಕೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ಮೊದಲ ಸಲ ಕಂಡಕ್ಟರು ನನ್ನ ತೊಡೆಯ ಮೇಲಿನ ಉದ್ದದ ಗಂಟು ನೋಡಿ, “ವೀಣೆ ಏನಮ್ಮಾ?” ಅಂದ. ವಿವರಿಸುವ ಉಸಾಬರಿ ಯಾಕೆಂದು ಹೌದು ಅಂದುಬಿಟ್ಟೆ. ಅಂದಿನಿಂದ ಆ ಬಸ್ಸಿನಲ್ಲಿ ನನಗೆ ಕೂರಲು ಜಾಗ ತಪ್ಪುತ್ತಿರಲಿಲ್ಲ. ಹಾಡಿಗೂ ನನಗೂ ಇರುವ ದೂರ ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಕೆರೆ ಏರಿಯ ಪಕ್ಕದ ಮನೆಯವರು ತಮ್ಮ ಟ್ರಾಕ್ಟರಿನ ಬ್ಯಾಟರಿಗೆ ಕ್ಲಿಪ್ಪು ಹಾಕಿಕೊಳ್ಳಲು ಬಿಡುತ್ತಿದ್ದರು. ಅದರಿಂದ ವಿಮಾನದ ಪುಟ್ಟ ಬ್ಯಾಟರಿ ಚಾರ್ಜ್ ಆಗಬೇಕು. ನಮ್ಮವರು ಆಗಾಗ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡುವರು. ಆಗತಾನೆ ಇಟ್ಟ ಕೋಳಿಮೊಟ್ಟೆಯಷ್ಟು ಬೆಚ್ಚಗಾದರೆ ಸಾಕು, ಅದಕ್ಕಿಂತ ಬಿಸಿಯಾದರೆ ಅಪಾಯ. ಆಮೇಲೆ ರೆಕ್ಕೆಯನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿದು, ರೆಕ್ಕೆಯಡಿ ಎರಡು ಬೆರಳು ಕೊಟ್ಟು ಎತ್ತಿ, ಮೂತಿ ತುಸುವೇ ಕೆಳಗೆ ಬಾಗುತ್ತದೆಯೇ ಎಂದು ನೋಡಬೇಕು. ನಾನು ವಿಮಾನ ಹಿಡಿದು ದೂರ ನಡೆಯುತ್ತಾ ಹೋಗಬೇಕು. ರೇಡಿಯೋ ದೂರಕ್ಕೆ ಮುಟ್ಟುತ್ತದೆಯೇ ಎಂದು ನೋಡಲು ಅವರು ಏರಿಯಲ್ ಮಡಿಸಿಟ್ಟೇ ಕಡ್ಡಿ ಆಡಿಸಿದಾಗ ಬಾಲ ಆಡಿದರೆ ಕೈಯೆತ್ತಬೇಕು. ಸ್ವಿಚ್ ಹಾಕುವಾಗ ಮೊದಲು ಕೈಯ ಡಬ್ಬಿ, ಆಮೇಲೆ ವಿಮಾನ. ಆರಿಸುವಾಗ ಮೊದಲು ವಿಮಾನ, ಆಮೇಲೆ ಡಬ್ಬಿ. ತಿರುವುಮುರುವು ಮಾಡಿದರೆ ಫ್ಯಾನು ತಾನಾಗಿ ತಿರುಗಿ ಬೆರಳು ಹೋಗುತ್ತದೆ ಎಂದು ಎಷ್ಟು ಸಲ ಹೇಳಿದ್ದರೆಂದರೆ, ನಾನು ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಮುಟ್ಟುವಾಗಲೂ ಒಂದು ಗಳಿಗೆ ಯೋಚಿಸುತ್ತಿದ್ದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು, ಜನರ ಮೇಲೆ ಹಾರಿಸಕೂಡದು. “ಕಾಗದದ್ದು ಅಂದ್ಕೋಬೇಡ ರತ್ನ. ಮೂತಿಲಿ ಮೋಟಾರಿದೆ. ಯಾರ ತಲೆಗಾದ್ರೂ ಬಿದ್ರೆ ನಾವು ಆಮೇಲೆ ಊಟ ಮಾಡೋ ಹಂಗಿಲ್ಲ” ಎನ್ನುತ್ತಿದ್ದರು.

ಎಸೆಯುವ ಕೆಲಸ ನನ್ನದು. ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ, ನೆಲಕ್ಕೆ ಸಮನಾಗಿ ತಳ್ಳಬೇಕು. ಮೊದಲ ಸಲ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ್ದು ಓಡಿದೆ. ಕೊನೆಯ ಗಳಿಗೆಯಲ್ಲಿ ಆಕಾಶ ಮೇಲಿದೆಯಲ್ಲಾ ಎಂದು ಮೇಲಕ್ಕೇ ಎಸೆದೆ. ವಿಮಾನ ಒಂದು ಕ್ಷಣ ನಿಂತು ಯೋಚಿಸಿ, ತಲೆಕೆಳಗಾಗಿ ನನ್ನ ಮುಂದೆಯೇ ಬಿತ್ತು.

“ಕಾಗೆ ಓಡ್ಸೋಕೆ ಕಲ್ಲೆಸೆದಂಗೆ ಎಸೆದ್ಯಲ್ಲೇ!” ಅಂದರು ನಮ್ಮವರು. ಬೈಗುಳ ಅಷ್ಟೇ. ಮೂಗು ಮುರಿದ ವಿಮಾನವನ್ನು ಎತ್ತಿಕೊಂಡು ಬಂದು, ಎರಡು ವಾರ ಅಂಟು ಹಾಕುತ್ತಾ ಕೂತರು.

ಮುಂದಿನ ಸಲ ನೆಟ್ಟಗೆ ತಳ್ಳಿದೆ. ಅದು ನನ್ನ ಕೈಬಿಟ್ಟು ಹೋದ ರೀತಿಯನ್ನು ಹೇಗೆ ಹೇಳಲಿ? ಹೊಲಿಗೆ ಮಿಷಿನ್ನಿನಂತೆ ಸದ್ದು ಮಾಡುತ್ತಾ ಮೇಲೇರಿತು. ತಕ್ಕಷ್ಟು ಎತ್ತರಕ್ಕೆ ಹೋದ ಮೇಲೆ ಅವರು ಮೋಟಾರು ನಿಲ್ಲಿಸಿದರು. ಆಗ ಸದ್ದೇ ಇಲ್ಲ. ಕಾಗದದ ರೆಕ್ಕೆಯೊಳಗಿಂದ ಬಿಸಿಲು ಹಾದು ಪಕ್ಕೆಲುಬುಗಳೆಲ್ಲ ಕಾಣುತ್ತಿದ್ದವು. ಅವರು ತಲೆಯೆತ್ತಿ ನಿಂತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ನಾನು ವಿಮಾನಕ್ಕಿಂತ ಹೆಚ್ಚಾಗಿ ಅವರ ಮುಖ ನೋಡಿದೆ. ಆಫೀಸು, ತಾಯಿ, ನಾನು, ಮಗು, ಯಾರೂ ಆ ಮುಖದಲ್ಲಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ಬೇಸಗೆಯೆಲ್ಲ ಹಾಗೇ ಸುಖವಾಗಿ ಕಳೆಯಿತು.

ಕತ್ತಲಾದರೆ ಅವರು ಎಡವುತ್ತಿದ್ದರು. ನಾವು ನಗುತ್ತಿದ್ದೆವು. ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ನೀರಿನ ಚೊಂಬು ಉರುಳಿಸುತ್ತಿದ್ದರು. ಆಗಲೂ ಅತ್ತೆ, “ತಲೇಲೆಲ್ಲಾ ಇಮಾನ ಅದೆ” ಎನ್ನುತ್ತಿದ್ದರು. ದೀಪ ಮಂಕಾಗಿದೆ, ಕರೆಂಟು ಸರಿಯಿಲ್ಲ ಎಂದು ಅವರೂ ಸಮಜಾಯಿಷಿ ಕೊಡುತ್ತಿದ್ದರು. ಮುಳಬಾಗಿಲಿನ ಕರೆಂಟನ್ನು ಬೈದರೆ ಯಾರೂ ಅನುಮಾನಪಡುವ ಹಾಗಿರಲಿಲ್ಲ.

ಎರಡನೆಯ ಬೇಸಗೆ. ಕೆರೆಯಂಗಳದ ಒಂದು ಭಾಗದಲ್ಲಿ ಯಾರೋ ಸೌತೆ ಹಾಕಿದ್ದರು. ವಿಮಾನ ಇಳಿಯುವ ಹೊತ್ತಿಗೆ ಒಬ್ಬಾಕೆ ಕಾಯಿ ತುಂಬಿದ ಬಿದಿರು ಮಂಕರಿ ಹೊತ್ತು ನಮ್ಮ ಬಯಲನ್ನು ಅಡ್ಡ ಹಾಯುತ್ತಿದ್ದಳು. ಕಣ್ಣಿಗೆ ಹೊಡೆಯುವಂಥ ಕೆಂಪು ಸೀರೆ. ವಿಮಾನ ನೇರ ಅವಳ ಕಡೆಗೇ ಇಳಿಯುತ್ತಿದೆ. ನಮ್ಮವರು ತಿರುಗಿಸುತ್ತಾರೆ, ಈಗ ತಿರುಗಿಸುತ್ತಾರೆ ಎಂದು ಕಾದೆ. ಅವರು ತಿರುಗಿಸಲಿಲ್ಲ. ನಾನು ಕಿರುಚಿದೆ. ಆಕೆ ಮಂಕರಿ ಬಿಟ್ಟು ಕುಕ್ಕರಿಸಿದಳು. ವಿಮಾನ ಅವಳ ತಲೆಯ ಮೇಲಿನಿಂದಲೇ ಸುಯ್ ಎಂದು ಹೋಗಿ ಆಚೆ ನೆಲ ಕೆರೆಯಿತು. ಸೌತೆಕಾಯಿಗಳು ಬಯಲೆಲ್ಲ ಉರುಳಿದವು.

ಆಕೆ ತೆಲುಗಿನಲ್ಲಿ ಬೈದಳು. ನಮ್ಮೂರಿನ ತೆಲುಗು, ನನಗೆ ಪೂರ್ತಿ ಅರ್ಥವಾಯಿತು. ಬೈದದ್ದು ನ್ಯಾಯವೇ. ನಾನು ಕೈಮುಗಿದು, ಸೌತೆಕಾಯಿ ಆಯ್ದು ಕೊಟ್ಟು ಬಂದೆ. ನಮ್ಮವರು ನಿಂತಲ್ಲೇ ನಿಂತಿದ್ದರು.

“ರೀ, ಆಕೆ ಕಾಣಿಸ್ಲಿಲ್ವಾ?”

“ಬಿಸಿಲು ಕಣೇ.”

“ಬಿಸಿಲು ನಮ್ಮ ಬೆನ್ನಿಗಿದೆ.”

ಅವರು ಡಬ್ಬಿಯ ಏರಿಯಲ್ಲನ್ನು ಒಂದೊಂದೇ ಗಿಣ್ಣಾಗಿ ಮಡಿಸುತ್ತಾ, ಮೆಲ್ಲಗೆ, “ಬಳೆ ಒಳಗಿಂದ ನೋಡ್ದಂಗೆ ಕಾಣತ್ತೆ ರತ್ನ. ಬಳೆ ಆಚೆ ಇರೋದು ಏನೂ ಕಾಣ್ಸಲ್ಲ. ಹೋದ ವರ್ಷದಿಂದ” ಅಂದರು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ವೈದ್ಯರು ವಯಸ್ಸಾದವರು, ಒಳ್ಳೆಯವರು. ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಹಳ ಹೊತ್ತು ನೋಡಿದರು. “ನಿಮ್ಮ ತಂದೆತಾಯಿ ಸಂಬಂಧಿಕರಾ?” ಎಂದು ಕೇಳಿದರು. ನಮ್ಮತ್ತೆ ಮದುವೆಯಾದದ್ದು ತಮ್ಮ ಸ್ವಂತ ಸೋದರಮಾವನನ್ನು. ವೈದ್ಯರು ತಲೆಯಾಡಿಸಿ, ಕಣ್ಣಿನ ಒಳಪದರ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಔಷಧಿ ಇಲ್ಲ, ಆಪರೇಷನ್ ಇಲ್ಲ, ಕನ್ನಡಕದಿಂದ ಪ್ರಯೋಜನವಿಲ್ಲ ಅಂದರು. ಇನ್ನೆಷ್ಟು ದಿನ ಕಣ್ಣು ಕಾಣುತ್ತದೆ ಎಂದು ನಾನು ಕೇಳಿದೆ. ನನ್ನ ಪ್ರಶ್ನೆ ಕೇಳಿಸದವರಂತೆ ಅವರು ಚೀಟಿಯಲ್ಲಿ ಏನೋ ಬರೆದರು.

ವಾಪಸ್ಸು ಬರುವಾಗ, ಬಸ್ಸು ಕೋಲಾರ ದಾಟಿದ ಮೇಲೆ ಅವರು, “ಡಾಕ್ಟ್ರು ಕೇಳಿದ್ರಲ್ಲ ಸಂಬಂಧದ ವಿಷ್ಯ, ಅದನ್ನ ಅಮ್ಮಂಗೆ ಹೇಳ್ಬೇಡ. ತನ್ನಿಂದ್ಲೇ ಅಂದ್ಕೊಂತಾಳೆ” ಅಂದರು. ಅಷ್ಟೇ. ಆ ದಿನ ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಮೇಲೂ ಕೆಲವು ಸಲ ಹಾರಿಸಿದೆವು. ನಾನು ಪಕ್ಕದಲ್ಲಿ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳುವುದು. ಅವರು ಕಡ್ಡಿ ಆಡಿಸುವುದು. ಎಡಬಲ ನನಗೆ ಹುಟ್ಟಿನಿಂದಲೂ ಗೊಂದಲ. ಊಟದ ಕೈ ಯಾವುದೆಂದು ಮನಸ್ಸಿನಲ್ಲೇ ಅನ್ನ ಕಲಸಿ ನೋಡಿ ಹೇಳುವವಳು ನಾನು. ಅದರ ಮೇಲೆ ಈ ವಿಮಾನದ ತಂಟೆ ಬೇರೆ. ಅದು ನಮ್ಮಿಂದ ದೂರ ಹೋಗುತ್ತಿರುವಾಗ ನಮ್ಮ ಎಡವೇ ಅದರ ಎಡ. ತಿರುಗಿ ನಮ್ಮ ಎದುರಿಗೆ ಬರುವಾಗ ನಮ್ಮ ಎಡ ಅದರ ಬಲ.

“ಎಡಕ್ಕೆ ರೀ, ಎಡಕ್ಕೆ!”

“ಯಾರ ಎಡ? ನಂದಾ, ಅದರದ್ದಾ?”

ನಾನು ಉತ್ತರ ಕೊಡುವಷ್ಟರಲ್ಲಿ ಅದು ಜಾಲಿಮರದಲ್ಲಿರುತ್ತಿತ್ತು. ಒಂದು ಸಂಜೆ ಜಾಲಿಮುಳ್ಳಿನಿಂದ ಹರಿದ ಕಾಗದವನ್ನು ಸವರುತ್ತಾ ಕೂತವರು, “ಸಾಕು. ಕಣ್ಣಿಲ್ಲದೋನು ಜನ ಓಡಾಡೋ ಕಡೆ ಇದನ್ನ ಹಾರಿಸ್ಬಾರ್ದು. ಆವತ್ತು ಆಕೆ ಕೂರದೇ ಇದ್ದಿದ್ರೆ?” ಅಂದರು. ವಿಮಾನ ಅಟ್ಟ ಸೇರಿತು.

ನಂತರದ ದಿನಗಳ ಬಗ್ಗೆ ಹಗುರಾಗಿ ಬರೆಯಲು ನನಗೆ ಬರುವುದಿಲ್ಲ. ಅವರ ನಕ್ಷೆಯೊಂದರಲ್ಲಿ ಒಬ್ಬರ ಹೊಲದ ಗಡಿ ಪಕ್ಕದವರ ಹೊಲದೊಳಗೆ ನುಗ್ಗಿತ್ತಂತೆ. ಮೇಲಿನವರು ಬೈಯಲಿಲ್ಲ. ಪೆನ್ನು ತೆಗೆದುಕೊಂಡು ಅವರನ್ನು ತಪಾಲು ವಿಭಾಗಕ್ಕೆ ಹಾಕಿದರು. ಬಂದ ಕಾಗದಕ್ಕೆಲ್ಲ ಮುದ್ರೆ ಒತ್ತುವ ಕೆಲಸ. ಬೈದಿದ್ದರೆ ಅವರು ಮನೆಗೆ ಬಂದು ಕೂಗಾಡಿಯಾದರೂ ಹಗುರಾಗುತ್ತಿದ್ದರು. ಸಂಜೆ ಬಂದು ಜಗಲಿಯ ಮೇಲೆ ಬೆರಳುಗಳಿಂದ ಶಾಯಿ ಉಜ್ಜಿಕೊಳ್ಳುತ್ತಾ ಕೂರುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುವರು. ನಾನು ಬಹಳ ದಿನ ರಾಹುಕಾಲ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ, ತಲೆ ಅಲ್ಲಾಡಿಸದೆ ಎಷ್ಟು ತಾರೀಕು ಕಾಣುತ್ತದೆ ಎಂದು ನೋಡುತ್ತಿದ್ದರು. ಮೊದಲು ಇಡೀ ತಿಂಗಳು ಕಾಣುತ್ತಿತ್ತಂತೆ. ಆಮೇಲೆ ಒಂದು ವಾರ. ಆಮೇಲೆ ನಿನ್ನೆ, ಇವತ್ತು, ನಾಳೆ. ಒಂದು ಬೆಳಗ್ಗೆ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, ನನ್ನ ಕೈಗೆ ಕೊಟ್ಟು, “ಅಡಿಗೆಮನೇಲಿ ಹಾಕ್ಕೋ, ನಿಂಗೆ ಬೇಕಾಗತ್ತೆ” ಅಂದರು.

ಮಗ ಅವರ ಮಡಿಲಿಗೆ ಹೋದಾಗ ಅವನ ಮುಖವನ್ನು ತೀರಾ ಹತ್ತಿರ ತಂದುಕೊಂಡು ತುಂಡು ತುಂಡಾಗಿ ನೋಡುತ್ತಿದ್ದರು. ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ. ನಾನು ಅಡಿಗೆಮನೆಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ನಲ್ಲಿಯಲ್ಲಿ ನೀರು ಬರದ ದಿನಗಳಲ್ಲಿ ಪಾತ್ರೆ ಉಜ್ಜುತ್ತಿದ್ದೆ.

ಆ ಮೌನ ತಡೆಯಲಾರದೆ ಒಂದು ದಿನ ಕೇಳಿದೆ, “ನಂಗೆ ಕಲಿಸ್ತೀರಾ?”

“ಏನನ್ನ?”

“ವಿಮಾನ.”

“ನೀನಾ? ಎಡ ಯಾವ್ದು ಬಲ ಯಾವ್ದು ಗೊತ್ತಿಲ್ದೋಳು?”

“ಎಲ್ಲಾ ಗೊತ್ತಿದ್ದೋರು ಎಷ್ಟು ದಿನ ಹಿಂಗೇ ಕೂತಿರ್ತೀರಿ?” ಅಂದುಬಿಟ್ಟೆ.

ಆಡಬಾರದ ಮಾತು ಅದು. ಆದರೆ ಅವರು ಎದ್ದು ಹೋಗಿ, ಅಟ್ಟದ ಮೇಲೆ ತಡಕಾಡಿ, ರೇಡಿಯೋ ಡಬ್ಬಿಯನ್ನು ತಂದು ಅದರ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದರು.

ಪಾಠ ನಡೆದದ್ದು ಹಿತ್ತಲಿನಲ್ಲಿ. ಸ್ವಿಚ್ ಆರಿಸಿದ ಡಬ್ಬಿ ಹಿಡಿದು ನಾನು ಒಗೆಯುವ ಕಲ್ಲಿನ ಪಕ್ಕ ನಿಲ್ಲಬೇಕು. ಅವರೇ ವಿಮಾನ. ಎರಡೂ ಕೈ ಚಾಚಿ, ಗೋಡೆಯ ಕಡೆಯಿಂದ ನನ್ನ ಎದುರಿಗೆ ನಡೆದು ಬರುವರು. ಬರುತ್ತಾ ಒಂದು ಭುಜ ಬಗ್ಗಿಸುವರು. ಅದನ್ನು ನೆಟ್ಟಗೆ ಮಾಡಲು ಕಡ್ಡಿ ಯಾವ ಕಡೆ ತಳ್ಳಿದೆನೆಂದು ನಾನು ಹೇಳಬೇಕು. ನಾನು ಪ್ರತಿಸಲವೂ ತಪ್ಪು ಹೇಳುವೆ. ಆಗ ಅವರು, “ಬಿದ್ದೆ” ಎಂದು ಹೇಳಿ ಮತ್ತೆ ಗೋಡೆಯ ಹತ್ತಿರ ಹೋಗುವರು.

“ಎಡ ಬಲ ಮರ್ತುಬಿಡು” ಅಂದರು ಕೊನೆಗೆ. “ಎದುರಿಗೆ ಬರೋವಾಗ ಯಾವ ರೆಕ್ಕೆ ಕೆಳಗೆ ಬೀಳ್ತಾ ಇದ್ಯೋ ಆ ಕಡೆ ಕಡ್ಡಿ ತಳ್ಳು. ಬೀಳೋ ರೆಕ್ಕೆಗೆ ಊರುಗೋಲು ಕೊಟ್ಟಂಗೆ ಅಂದ್ಕೋ.”

ಅದು ತಲೆಗೆ ಹೋಯಿತು. ಆಮೇಲೆ ತಪ್ಪಲಿಲ್ಲ. ಅವರು ಎಡಗೈ ಇಳಿಸಿದರೂ ಬಲಗೈ ಇಳಿಸಿದರೂ ನಾನು ಊರುಗೋಲು ಕೊಡುತ್ತಾ ಹೋದೆ. ಹಿತ್ತಲ ಬಾಗಿಲಿಗೆ ಬಂದ ಅತ್ತೆ, ಕೈ ಚಾಚಿ ಓಲಾಡುತ್ತಾ ಬರುವ ಮಗನನ್ನು ನೋಡಿ ಅಲ್ಲೇ ಕುಸಿದು ಕೂತರು. “ಕಣ್ಣು ಹೋಯ್ತು ಅಂತ ಅಳ್ತಿದ್ದೆ. ಈಗ ಬುದ್ಧಿನೂ ಹೋಯ್ತಲ್ಲೋ ನಾರಾಯಣಾ!” ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅವರನ್ನು ಸಮಾಧಾನ ಮಾಡುತ್ತಾ ಮಾಡುತ್ತಾ ನಾನೂ ಅತ್ತುಬಿಟ್ಟೆ. ವಿಮಾನ ಮಾತ್ರ ಹಿತ್ತಲ ನಡುವೆ ಕೈ ಚಾಚಿಕೊಂಡೇ ನಿಂತಿತ್ತು, ಯಾರು ಅಳುತ್ತಿದ್ದಾರೆ, ಎಲ್ಲಿ ಎಂದು ತಲೆ ತಿರುಗಿಸುತ್ತಾ.

ಮತ್ತೊಂದು ಬೇಸಗೆ ಬರುವ ಹೊತ್ತಿಗೆ ಅವರಿಗೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಕೆರೆಯಂಗಳದಲ್ಲಿ ಅಂದು ಸೌತೆಯಿಲ್ಲ, ದನವಿಲ್ಲ, ಜನವಿಲ್ಲ. ನಾನು ಸುತ್ತ ಒಂದು ಸಲ ನಡೆದು ನೋಡಿ ಬಂದು ಹೇಳಿದೆ. ಅವರು ನೆಲದ ಮೇಲೆ ಕೂತು ವಿಮಾನವನ್ನು ಬೆರಳುಗಳಿಂದಲೇ ಪರೀಕ್ಷಿಸಿದರು. ಫ್ಯಾನಿನ ಅಂಚು, ರಬ್ಬರ್ ಬ್ಯಾಂಡು, ಬಾಲದ ಕೀಲು. ರೆಕ್ಕೆಯಡಿ ಬೆರಳಿಟ್ಟು ಎತ್ತಿ, ಬಹಳ ಹೊತ್ತು ಹಾಗೇ ಹಿಡಿದುಕೊಂಡರು. ನಾನು ಡಬ್ಬಿಯ ಸ್ವಿಚ್ ಹಾಕಿದೆ, ಅವರು ವಿಮಾನದ್ದು ಹಾಕಿದರು. ಈ ಸಲ ಎಸೆಯುವವರು ಅವರು. ಕೆನ್ನೆಯ ಮೇಲೆ ಗಾಳಿ ಎರಡೂ ಕಡೆ ಸಮನಾಗಿ ತಾಗುವವರೆಗೆ ನಿಂತಲ್ಲೇ ತಿರುಗಿದರು.

“ಮುಂದೆ ಏನಾದ್ರೂ ಇದ್ಯಾ?”

“ಏನಿಲ್ಲ ರೀ. ಬರೀ ಬಯಲು.”

ಓಡಲಿಲ್ಲ. ಒಂದೇ ಹೆಜ್ಜೆ ಮುಂದಿಟ್ಟು ತಳ್ಳಿದರು. ನನ್ನ ಜನ್ಮದಲ್ಲಿ ನಾನು ಅಷ್ಟು ನೆಟ್ಟಗೆ ಎಸೆದಿರಲಿಲ್ಲ.

ವಿಮಾನ ಏರಿತು. ನಾನು ಕಡ್ಡಿ ಅಲ್ಲಾಡಿಸಿದಂತೆಲ್ಲ ಅದೂ ಅಲ್ಲಾಡಿತು. ತಿರುಗಿಸಿದೆ, ತಿರುಗಿತು. ಎದುರಿಗೆ ಬಂತು, ಒಂದು ರೆಕ್ಕೆ ಇಳಿಯಿತು, ಊರುಗೋಲು ಕೊಟ್ಟೆ, ನೆಟ್ಟಗಾಯಿತು. “ಬಂತು ರೀ! ಎದುರಿಗೆ ಬಂತು, ಬೀಳ್ಲಿಲ್ಲ!” ಎಂದು ಕೂಗಿದೆ. ಅವರು ಸದ್ದು ಬಂದ ಕಡೆಗೆ ಮುಖ ಎತ್ತಿ, “ಗೊತ್ತಾಗ್ತಾ ಇದೆ ಕಣೇ, ತಲೆ ಮೇಲೆ ತರ್ಬೇಡ, ದೂರ ಇಟ್ಕೋ” ಅಂದರು.

ಮೋಟಾರು ನಿಲ್ಲಿಸು ಅಂದರು. ನಿಲ್ಲಿಸಿದೆ. ಸದ್ದು ನಿಂತಿತು. ಈಗ ಅವರಿಗೆ ವಿಮಾನ ಎಲ್ಲಿದೆಯೆಂದು ತಿಳಿಯುವಂತಿರಲಿಲ್ಲ.

“ಇಳೀತಾ ಇದ್ಯಾ?”

“ಇಲ್ಲ. ಮೇಲಕ್ಕೇ ಹೋಗ್ತಾ ಇದೆ.”

“ಮೋಟಾರು ನಿಲ್ಸಿದ್ಯಾ?”

“ನಿಲ್ಸಿದೀನಿ ರೀ. ಅಲ್ಲಿ ಹದ್ದುಗಳು ಸುತ್ತುತಾ ಇವೆ, ಅವುಗಳ ಜೊತೇಲಿ ಇದೂ ಸುತ್ತುತಾ ಇದೆ.”

ಅವರ ಮುಖ ಬದಲಾಯಿತು. “ಬಿಸಿಗಾಳಿ ಮೇಲಕ್ಕೆ ಎಳ್ಕೊಂತಾ ಇದೆ. ಮೂತಿ ಕೆಳಗೆ ಮಾಡು. ಆಚೆಗೆ ತಿರುಗಿಸು.” ಮಾಡಿದೆ. ಆದರೆ ಅದು ಆಗಲೇ ಕೊಕ್ಕರೆಯಷ್ಟಾಗಿತ್ತು, ಆಮೇಲೆ ಗುಬ್ಬಿಯಷ್ಟು. ಎದುರಿಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯಲಿಲ್ಲ. ಯಾವ ರೆಕ್ಕೆ ಕೆಳಗಿದೆ ಎಂದು ನೋಡಲು ರೆಕ್ಕೆಯೇ ಕಾಣುತ್ತಿಲ್ಲ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಂಡೆ. ಮತ್ತೆ ನೋಡಿದಾಗ ಬರೀ ಆಕಾಶ.

“ಕಾಣಿಸ್ತಾ ಇಲ್ಲ ರೀ.”

“ನೋಡು.”

“ನೋಡ್ತಾ ಇದೀನಿ. ಕಾಣಿಸ್ತಾ ಇಲ್ಲ.”

ಅವರು ತಡವರಿಸಿಕೊಂಡು ನನ್ನ ಹತ್ತಿರ ಬಂದು, ನನ್ನ ಬೆರಳಿನ ಮೇಲೆ ಬೆರಳಿಟ್ಟು, ಕಡ್ಡಿಯನ್ನು ಒಂದೇ ಕಡೆಗೆ ಪೂರ್ತಿ ಒತ್ತಿಹಿಡಿದರು. ಹಾಗೆ ಹಿಡಿದರೆ ಸುತ್ತಿ ಸುತ್ತಿ ಹತ್ತಿರದಲ್ಲೇ ಬೀಳುತ್ತದೆ, ದೂರ ಹೋಗಿ ಯಾರಿಗೂ ತಾಗುವುದಿಲ್ಲ ಎಂದು ಅವರ ನಂಬಿಕೆ. ಇಬ್ಬರೂ ಮುಖ ಮೇಲೆತ್ತಿ ಹಾಗೇ ನಿಂತೆವು. ಬೆರಳು ಜೋಮು ಹಿಡಿಯಿತು. ಏನೂ ಬೀಳಲಿಲ್ಲ.

ಅತ್ತವಳು ನಾನು. ಅವರಿಗೆ ಇದ್ದ ಚಿಂತೆ ಒಂದೇ: “ಯಾರ ಮೇಲಾದ್ರೂ ಬಿತ್ತೇನೋ, ನಡಿ.” ನನ್ನ ಭುಜ ಹಿಡಿದುಕೊಂಡು ಅವರು ಹಿಂದೆ, ನಾನು ಮುಂದೆ. ಕೆರೆಯ ಏರಿ ಹತ್ತಿ ಆಚೆಗಿಳಿದೆವು. ಹುರುಳಿ ಹೊಲ, ಹುಣಸೆ ತೋಪು, ಹಿಪ್ಪುನೇರಳೆ ತೋಟ. ನಾನು ಮರಗಳ ತಲೆ ನೋಡುತ್ತಾ ಹೋದೆ. ಅವರು ಯಾರಾದರೂ ನರಳುವ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು ಬಂದರು. ಸಿಕ್ಕವರನ್ನೆಲ್ಲ ಕೇಳಿದೆವು. ಒಬ್ಬರೂ ನೋಡಿರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಎಲ್ಲೂ ಏನೂ ಬಿದ್ದಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಒಬ್ಬ ಮುದುಕಿ ಹುಲ್ಲಿನ ಹೊರೆ ಹೊತ್ತು ಎದುರಾದಳು. ಒಬ್ಬರ ಹಿಂದೊಬ್ಬರು ಭುಜ ಹಿಡಿದು ಬರುತ್ತಿದ್ದ ನಮ್ಮನ್ನು ನೋಡಿ ನಿಂತಳು.

“ಏಮಿ ಪೋಗೊಟ್ಟುಕೊಂಡ್ರಮ್ಮಾ?” ಏನು ಕಳೆದುಕೊಂಡಿರಿ ಎಂದು.

“ವಿಮಾನಂ ಅವ್ವಾ” ಅಂದೆ. ಮಾತು ಮುಂದುವರಿಸುವ ಶಕ್ತಿ ಇರಲಿಲ್ಲ. “ಪೈಕಿ ಪೋಯಿಂದಿ. ಮಳ್ಳಾ ರಾಲೇದು.” ಮೇಲೆ ಹೋಯಿತು, ಮತ್ತೆ ಬರಲಿಲ್ಲ.

ಮುದುಕಿ ಗಾಬರಿಯಿಂದ ಆಕಾಶ ನೋಡಿದಳು. ಅವಳ ಮನಸ್ಸಿಗೆ ಬಂದದ್ದು ನಿಜವಾದ ವಿಮಾನ. ಸ್ವರ ತಗ್ಗಿಸಿ ಕೇಳಿದಳು: “ಅಂದುಲೋ ಎಂತಮಂದಿ ಉಂಡ್ರಿ?” ಅದರೊಳಗೆ ಎಷ್ಟು ಜನ ಎಂದು.

ನಾನು ಬಾಯಿ ತೆರೆಯುವ ಮುನ್ನ ಹಿಂದಿನಿಂದ ನಮ್ಮವರು ಹೇಳಿದರು:

“ಇದ್ದರು.”

ಆಕೆಯ ತೆಲುಗಿನಲ್ಲಿ ಅದಕ್ಕೆ ಇಬ್ಬರು ಎಂದರ್ಥ. ನನಗೆ ಅದು ಕನ್ನಡದಲ್ಲೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಯಿತು.

ಮುದುಕಿ ಹುಲ್ಲಿನ ಹೊರೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಸೆರಗು ತಲೆಯ ಮೇಲೆಳೆದುಕೊಂಡು, ಖಾಲಿ ಆಕಾಶಕ್ಕೆ ಕೈ ಮುಗಿದಳು.